ಅವ್ವನ ಹೆಸರಿನಲ್ಲಿ ಒಂದು ಪೂಜೆ



ನವೆಂಬರ್ ತಿಂಗಳು ಬಂತೆಂದರೆ ನಮ್ಮ ದೇವಾಲಯದ ಬಾಗಿಲಲ್ಲಿ ಒಂದು ಪೆಟ್ಟಿಗೆ ಇಡುತ್ತೇವೆ. ಪಕ್ಕದಲ್ಲಿ ಒಂದಷ್ಟು ಚೀಟಿಗಳು, ದಾರ ಕಟ್ಟಿದ ಒಂದು ಪೆನ್ನು. ತೀರಿಹೋದವರ ಹೆಸರು ಬರೆದು ಒಳಗೆ ಹಾಕಿದರೆ, ತಿಂಗಳು ಪೂರ್ತಿ ಬಲಿಪೂಜೆಯಲ್ಲಿ ಅವರನ್ನು ನೆನೆಯುತ್ತೇವೆ. ಇಷ್ಟು ವರ್ಷಗಳಿಂದ ಈ ಚೀಟಿಗಳನ್ನು ಓದುತ್ತಾ ಬಂದವನಿಗೆ ಒಂದು ಸಂಗತಿ ಕಂಡಿದೆ. ಹೆಚ್ಚಾಗಿ ಬರುವುದು ತಾಯಂದಿರ ಹೆಸರು, ಅಜ್ಜಿಯರ ಹೆಸರು. ಕೆಲವರು ಹೆಸರನ್ನೇ ಬರೆಯುವುದಿಲ್ಲ, ಬರೀ ‘ಅಮ್ಮ’ ಎಂದು ಬರೆದು ಮಡಚಿ ಹಾಕುತ್ತಾರೆ. ಯಾರ ಅಮ್ಮ ಎಂದು ನನಗೆ ತಿಳಿಯುವುದಿಲ್ಲ. ದೇವರಿಗೆ ತಿಳಿಯುತ್ತದೆ ಬಿಡಿ.

ಈ ಸಲ ಇಬ್ಬರು ತಾಯಂದಿರ ವಿಷಯ ಹೇಳುತ್ತೇನೆ. ಒಬ್ಬಳು ನಮ್ಮ ಅವ್ವ. ಇನ್ನೊಬ್ಬರು 1,600 ವರ್ಷಗಳ ಹಿಂದೆ ತೀರಿಕೊಂಡ ಸಂತ ಮೋನಿಕಮ್ಮನವರು. ಇಬ್ಬರೂ ಮಕ್ಕಳಿಗಾಗಿ ಬಾಳಿದವರು, ಇಬ್ಬರೂ ಮೊಮ್ಮಕ್ಕಳನ್ನು ಕಂಡವರು. ಇಬ್ಬರೂ ಒಂದೊಂದು ತಪ್ಪನ್ನೂ ಮಾಡಿದವರು. ಆ ಮಾತಿಗೆ ಆಮೇಲೆ ಬರುತ್ತೇನೆ.

ನಮ್ಮದು ಕನಕಪುರದ ಕಡೆಯ ಒಂದು ಹಳ್ಳಿ. ರೇಷ್ಮೆ ಹುಳು ಸಾಕುವುದೇ ಜೀವನ. ಅಪ್ಪ 1988ರಲ್ಲಿ ತೀರಿಕೊಂಡಾಗ ಅವ್ವನ ಪಾಲಿಗೆ ಬಂದದ್ದು ಒಂದು ಎಕರೆ ಹಿಪ್ಪುನೇರಳೆ ತೋಟ, ಎರಡು ಕೋಣೆಯ ಮನೆ, ಐವರು ಮಕ್ಕಳು. ಹುಳು ಮೇಯಿಸುವಾಗ ದೊಡ್ಡ ಕೋಣೆ ಹುಳುವಿಗೆ, ಚಿಕ್ಕದು ನಮಗೆ. ರೇಷ್ಮೆ ಮಾಡಿದವರಿಗೆ ಗೊತ್ತು, ನಾಲ್ಕನೆಯ ಜ್ವರದಿಂದ ಎದ್ದ ಹುಳುವಿನ ಹಸಿವು ಎಂಥದ್ದೆಂದು. ಹಗಲು ರಾತ್ರಿ ಎನ್ನದೆ ಸೊಪ್ಪು ಹಾಕಬೇಕು. ಅವು ಮೇಯುವ ಸದ್ದು ಸೂರಿನ ಮೇಲೆ ಸೋನೆಮಳೆ ಬಿದ್ದ ಹಾಗೆ ಕೇಳುತ್ತದೆ. ನಡುರಾತ್ರಿಯಲ್ಲಿ ಎಚ್ಚರವಾದರೆ ಆ ಸದ್ದಿನ ನಡುವೆ ಅವ್ವನ ಪಿಸುಮಾತು ಕೇಳಿಸುತ್ತಿತ್ತು. ಜಪಸರ ಹಿಡಿಯಲು ಅವಳಿಗೆ ಕೈ ಬಿಡುವಿಲ್ಲ. ಒಂದು ತಟ್ಟೆಗೆ ಸೊಪ್ಪು ಹರಡುವಾಗ ಒಂದು ‘ನಮೋ ಮರಿಯ’. ತಟ್ಟೆಗಳೇ ಮಣಿಗಳು. ನಾನು ಗುರುಮಠಕ್ಕೆ ಸೇರಿ ಪ್ರಾರ್ಥನೆಯ ಬಗ್ಗೆ ದಪ್ಪ ದಪ್ಪ ಪುಸ್ತಕ ಓದಿದ್ದೇನೆ. ಪ್ರಾರ್ಥನೆ ಕಲಿತದ್ದು ಆ ಹುಳುವಿನ ಮನೆಯ ಪಕ್ಕದಲ್ಲಿ ಮಲಗಿ.

ರಾಮನಗರದ ಮಾರುಕಟ್ಟೆಗೆ ಗೂಡು ಕಳಿಸಿ ಬಂದ ಹಣದಲ್ಲಿ ಮೊದಲು ಅಂಗಡಿಯ ಸಾಲ, ಆಮೇಲೆ ಮಕ್ಕಳ ಫೀಸು, ಕೊನೆಗೆ ಹಬ್ಬದ ಬಟ್ಟೆ. ಅವಳಿಗೆಂದು ಏನೂ ಉಳಿಯುತ್ತಿರಲಿಲ್ಲ. ನನ್ನ ಗುರುದೀಕ್ಷೆಯ ದಿನ ಅವಳು ಉಟ್ಟದ್ದು ದೊಡ್ಡಕ್ಕನ ಸೀರೆ. ಊರಿಗೆಲ್ಲ ರೇಷ್ಮೆ ಕೊಟ್ಟವಳು ರೇಷ್ಮೆ ಉಟ್ಟದ್ದನ್ನು ನಾನು ಕಂಡಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಇಂಥ ಲೇಖನಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ.

ನಮ್ಮ ಕಿರಿಯ ತಂಗಿ ಬೆಂಗಳೂರಿಗೆ ಕೆಲಸಕ್ಕೆ ಹೋದವಳು 2003ರಲ್ಲಿ ತನ್ನ ಜೊತೆ ಕೆಲಸ ಮಾಡುತ್ತಿದ್ದ ಹಿಂದೂ ಹುಡುಗನನ್ನು ರಿಜಿಸ್ಟರ್ ಮದುವೆಯಾದಳು. ಸುದ್ದಿ ತಿಳಿದ ದಿನ ಅವ್ವ ಒಲೆ ಹಚ್ಚಲಿಲ್ಲ. ಮಾರನೆಯ ದಿನ ತಂಗಿಯ ಫೋಟೋವನ್ನು ಗೋಡೆಯಿಂದ ತೆಗೆದು ಟ್ರಂಕಿನ ತಳಕ್ಕೆ ಹಾಕಿದಳು. ಏಳು ವರ್ಷ ಅವಳನ್ನು ಹೊಸಿಲು ದಾಟಲು ಬಿಡಲಿಲ್ಲ. 2005ರಲ್ಲಿ ತಂಗಿಗೆ ಗಂಡು ಮಗುವಾಯಿತು. ಚೊಚ್ಚಲ ಹೆರಿಗೆ, ಬಾಣಂತನ ಮಾಡಿದವರು ಅವಳ ಅತ್ತೆ. ಅವ್ವ ಹೋಗಲಿಲ್ಲ. ಪ್ರತಿ ರಾತ್ರಿ ಜಪಸರದ ಕೊನೆಯಲ್ಲಿ ಐದೂ ಮಕ್ಕಳ ಹೆಸರು ಹೇಳುತ್ತಿದ್ದಳು, ಆ ಮಗಳ ಹೆಸರೂ ಅದರಲ್ಲಿರುತ್ತಿತ್ತು. ಬಾಗಿಲು ಮಾತ್ರ ತೆರೆಯಲಿಲ್ಲ. ದೇವರ ಮುಂದೆ ಹೇಳುವ ಹೆಸರನ್ನು ಮನೆಯಲ್ಲಿ ಹೇಳಬಾರದು ಎಂದರೆ ಇದೆಂಥ ಭಕ್ತಿ ಎಂದು ನೀವು ಕೇಳಬಹುದು. ಆಗ ಗುರುವಾಗಿದ್ದ ನಾನು ಅದನ್ನು ಕೇಳಬೇಕಿತ್ತು. ಕೇಳಲಿಲ್ಲ. ಗುರುವಿನ ಮನೆಯಲ್ಲೇ ಹೀಗಾಯಿತಲ್ಲ ಎಂದು ಜನ ಆಡಿಕೊಳ್ಳುತ್ತಾರೆಂಬ ಅಳುಕು ನನಗೂ ಇತ್ತು. ಅವ್ವನ ಮೌನದ ಹಿಂದೆ ನಾನೂ ಅಡಗಿಕೊಂಡೆ.

2010ರಲ್ಲಿ ಅವ್ವ ಕಾಯಿಲೆ ಬಿದ್ದಾಗ ಅತ್ತಿಗೆ ಯಾರನ್ನೂ ಕೇಳದೆ ತಂಗಿಗೆ ಫೋನ್ ಮಾಡಿದರು. ಅವಳು ಮಗನನ್ನು ಕರೆದುಕೊಂಡು ಬಂದಳು. ಐದು ವರ್ಷದ ಹುಡುಗ. ಮಂಚದ ಹತ್ತಿರ ಹೋಗಿ, “ಅಜ್ಜಿ, ನಿಮ್ಮನೇಲಿ ಹುಳ ಇದೆಯಂತಲ್ಲ, ತೋರಿಸಿ” ಎಂದ. ಅವ್ವ ಎದ್ದು ಕೂತಳು. ಅಂದಿನಿಂದ ಅವಳ ಪ್ರಾಣವೆಲ್ಲ ಆ ಹುಡುಗನ ಮೇಲೆ. ದಸರಾ ರಜೆ, ಬೇಸಿಗೆ ರಜೆ ಬಂದರೆ ಅವನು ಅವಳ ಜೊತೆಯಲ್ಲೇ. ಕಳೆದುಹೋದ ಐದು ವರ್ಷಗಳನ್ನು ಕಜ್ಜಾಯದಲ್ಲಿ, ಕೋಳಿ ಸಾರಿನಲ್ಲಿ ತೀರಿಸುವವಳಂತೆ ಅವನಿಗೆ ಬಡಿಸುತ್ತಿದ್ದಳು. ಮಗಳಿಗೆ ಮಾತ್ರ, ‘ತಪ್ಪಾಯಿತು ಕಣವ್ವ’ ಎಂಬ ಒಂದು ಮಾತನ್ನು ಅವಳು ಎಂದೂ ಹೇಳಲಿಲ್ಲ. ತಂಗಿ ಕಾದಳು ಎಂದು ನನಗೆ ಗೊತ್ತು.

2019ರ ಫೆಬ್ರುವರಿಯಲ್ಲಿ ಅವ್ವ ತೀರಿಕೊಂಡಳು. ಕೊನೆಯ ಅಭ್ಯಂಗ ಕೊಟ್ಟವನು ನಾನೇ. ಮಣ್ಣು ಮಾಡುವ ದಿನ ಊರಿಗೆ ಊರೇ ಸೇರಿತ್ತು. ಮಾತಾಡಿದವರೆಲ್ಲ ಒಂದೇ ಮಾತು ಹೇಳಿದರು: ಸಂತಳು, ಸಾಕ್ಷಾತ್ ಸಂತಳು, ನೇರ ಸ್ವರ್ಗಕ್ಕೆ ಹೋದಳು. ಪೂಜಾವಿಧಿಯ ನಿಯಮದ ಪ್ರಕಾರ ಅಂತ್ಯಕ್ರಿಯೆಯ ಪೂಜೆಯಲ್ಲಿ ಚಿಕ್ಕದೊಂದು ಪ್ರಬೋಧನೆ ಇರಬಹುದು, ಸತ್ತವರ ಗುಣಗಾನ ಕೂಡದು. ನಾನು ಬೇರೆಯವರ ಮನೆಯ ಸಾವಿನಲ್ಲಿ ಈ ನಿಯಮ ಪಾಲಿಸಿದವನು. ನನ್ನ ಅವ್ವನ ವಿಷಯಕ್ಕೆ ಬಂದಾಗ ಮರೆತೆ. ಇಪ್ಪತ್ತು ನಿಮಿಷ ಹೊಗಳಿದೆ.

ಪೆಟ್ಟಿಗೆ ಇಳಿಸುವಾಗ ಆ ಹುಡುಗ, ಆಗ ಹದಿನಾಲ್ಕು ವರ್ಷ ಅವನಿಗೆ, ‘ಅಜ್ಜೀ’ ಎಂದು ದೊಡ್ಡ ದನಿಯಲ್ಲಿ ಅತ್ತುಬಿಟ್ಟ. ಜನರೆಲ್ಲ ತಿರುಗಿ ನೋಡಿದರು. ಅಣ್ಣ ಅವನ ತೋಳು ಹಿಡಿದ. ಪೂಜಾವಸ್ತ್ರದಲ್ಲಿದ್ದ ನಾನು ಅವನ ಕಡೆ ಬಾಗಿ, “ಗಂಡು ಹುಡುಗ ಹೀಗೆ ಅಳಬಾರದು, ಅಜ್ಜಿ ದೇವರ ಹತ್ತಿರ ಹೋಗಿದ್ದಾರೆ, ಸುಮ್ಮನಿರು” ಎಂದೆ. ಅವನು ಸುಮ್ಮನಾದ. ಎಷ್ಟು ಸುಮ್ಮನಾದ ಎಂದರೆ ಮುಂದೆ ಬಹಳ ದಿನ ಅಜ್ಜಿಯ ಹೆಸರು ಎತ್ತಲಿಲ್ಲ.

ಮೂವತ್ತನೆಯ ದಿನದ ಪೂಜೆಯ ಹಿಂದಿನ ಸಂಜೆ ತಂಗಿ ನನ್ನ ಹತ್ತಿರ ಬಂದಳು. ನಾನು ಗುರುವಾದ ಮೇಲೆ ಮನೆಯವರೆಲ್ಲ ನನ್ನನ್ನು ಬಹುವಚನದಲ್ಲಿ ಕರೆಯಲು ಶುರು ಮಾಡಿದ್ದರು. ಇವಳೊಬ್ಬಳು ಹಳೆಯ ರೂಢಿ ಬಿಟ್ಟಿರಲಿಲ್ಲ. “ಅಣ್ಣಾ, ನಾಳೆ ಅವ್ವನ್ನ ಸಂತಳು ಅಂತ ಹೇಳಬೇಡ” ಎಂದಳು. ಏಕೆಂದು ಕೇಳಿದೆ. “ಸಂತಳಾದ್ರೆ ಅವಳಿಗೆ ನಮ್ಮ ಪ್ರಾರ್ಥನೆ ಬೇಕಾಗಿಲ್ಲ. ಅವಳಿಗೋಸ್ಕರ ಪ್ರಾರ್ಥನೆ ಮಾಡೋದೊಂದೇ ಈಗ ನನಗೆ ಉಳಿದಿರೋದು. ಅದನ್ನೂ ಕಿತ್ಕೋಬೇಡ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ನಿದ್ದೆ ಬರದೆ, ಸಂತ ಅಗಸ್ಟೀನರು ದೇವರ ಮುಂದೆ ತಮ್ಮ ಬಾಳನ್ನು ನಿವೇದಿಸಿಕೊಂಡ ‘ಕನ್ಫೆಶನ್ಸ್’ ಗ್ರಂಥ ತೆಗೆದು, ಅದರ ಒಂಬತ್ತನೆಯ ಅಧ್ಯಾಯವನ್ನು ಓದಿದೆ. ತಾಯಿ ಮೋನಿಕಮ್ಮನವರ ಸಾವನ್ನು ಅವರು ಬರೆದಿರುವುದು ಅಲ್ಲಿ.

ಮೋನಿಕಮ್ಮನವರ ಕತೆ ನಮಗೆಲ್ಲ ಗೊತ್ತಿದೆ ಎಂದುಕೊಂಡಿದ್ದೇವೆ. ಉತ್ತರ ಆಫ್ರಿಕದ ತಗಾಸ್ತೆ ಊರಿನವರು. ದಾರಿ ತಪ್ಪಿದ ಮಗನಿಗಾಗಿ ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿದವರು. ಆಗಸ್ಟ್ 27ರಂದು ಅವರ ಹಬ್ಬದ ದಿನ ನಮ್ಮ ತಾಯಂದಿರ ಸಂಘಗಳಲ್ಲಿ ಇಷ್ಟನ್ನೇ ಹೇಳುತ್ತೇವೆ. ಅವರು ಅಜ್ಜಿಯೂ ಆಗಿದ್ದರು ಎಂಬುದನ್ನು ಹೇಳುವುದಿಲ್ಲ. ಅಗಸ್ಟೀನರಿಗೆ ಅದೆಯೊದಾತುಸ್ ಎಂಬ ಮಗನಿದ್ದ. ದೇವರು ಕೊಟ್ಟವನು ಎಂದು ಆ ಹೆಸರಿನ ಅರ್ಥ, ನಮ್ಮ ಮಾತಿನಲ್ಲಿ ದೇವದತ್ತ. ಅವನ ತಾಯಿಯೊಡನೆ ಅಗಸ್ಟೀನರಿಗೆ ಮದುವೆ ಆಗಿರಲಿಲ್ಲ. ಆದರೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆಕೆಯೊಬ್ಬಳೊಡನೆಯೇ ಬಾಳಿದ್ದರು. ಮಿಲಾನ್ ನಗರದಲ್ಲಿದ್ದಾಗ ಮಗನಿಗೆ ಸರಿಯಾದ ಸಂಬಂಧ ಕುದುರಬೇಕು, ಮದುವೆಯಾಗಿ ದೀಕ್ಷಾಸ್ನಾನ ಪಡೆಯಬೇಕು ಎಂದು ಹೆಣ್ಣು ಗೊತ್ತುಮಾಡಲು ಎಲ್ಲರಿಗಿಂತ ಹೆಚ್ಚು ಓಡಾಡಿದವರು ಮೋನಿಕಮ್ಮನವರೇ. ಆ ಮದುವೆಗೆ ಅಡ್ಡಿಯೆಂದು ಹುಡುಗನ ತಾಯಿಯನ್ನು ಆಫ್ರಿಕಕ್ಕೆ ಕಳಿಸಲಾಯಿತು. ಆಕೆ ಇನ್ನೊಬ್ಬ ಗಂಡಸನ್ನು ಸೇರುವುದಿಲ್ಲ ಎಂದು ದೇವರಿಗೆ ಮಾತು ಕೊಟ್ಟು, ಮಗನನ್ನು ತಂದೆಯ ಬಳಿ ಬಿಟ್ಟು ಹೊರಟುಹೋದಳು. ಅಷ್ಟೆಲ್ಲ ಆಗಿ ಆ ಮದುವೆ ನಡೆಯಲೂ ಇಲ್ಲ.

ಒಳ್ಳೆಯ ತಾಯಿ, ಮಗನ ಒಳ್ಳೆಯದಕ್ಕಾಗಿಯೇ, ಮೊಮ್ಮಗನಿಗೆ ತಾಯಿ ತಪ್ಪಿಹೋಗಲು ಕಾರಣಳಾದಳು. ಇದನ್ನು ನಾನು ಹಿಂದೆಯೂ ಓದಿದ್ದೆ. ಆ ರಾತ್ರಿ ಓದಿದಾಗ ನನ್ನ ಅವ್ವನ ಟ್ರಂಕಿನ ತಳದಲ್ಲಿದ್ದ ಫೋಟೋ ಕಣ್ಣ ಮುಂದೆ ಬಂತು.

387ರ ಪಾಸ್ಕ ಜಾಗರಣೆಯಲ್ಲಿ ಮಿಲಾನಿನ ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರಿಂದ ಅಗಸ್ಟೀನರೂ ದೇವದತ್ತನೂ ದೀಕ್ಷಾಸ್ನಾನ ಪಡೆದರು. ಮಗ, ಮೊಮ್ಮಗ ಇಬ್ಬರೂ ಒಂದೇ ರಾತ್ರಿ! ಅದೇ ವರ್ಷ ಊರಿಗೆ ಮರಳಲು ಹಡಗಿಗಾಗಿ ರೋಮಿನ ಬಳಿಯ ಓಸ್ತಿಯ ಬಂದರಿನಲ್ಲಿ ಕಾಯುತ್ತಿದ್ದಾಗ ಮೋನಿಕಮ್ಮನವರಿಗೆ ಜ್ವರ ಬಂತು. ಒಂಬತ್ತನೆಯ ದಿನ, ತಮ್ಮ ಐವತ್ತಾರನೆಯ ವಯಸ್ಸಿನಲ್ಲಿ, ತೀರಿಕೊಂಡರು. ಮೊದಲೆಲ್ಲ ಅವರಿಗೆ ಗಂಡನ ಪಕ್ಕದಲ್ಲೇ ಮಣ್ಣಾಗಬೇಕೆಂಬ ಆಸೆ ಬಹಳ ಇತ್ತು, ಊರಿನಲ್ಲಿ ಸಮಾಧಿಯನ್ನೂ ಸಿದ್ಧಮಾಡಿಸಿದ್ದರು. ದೂರದ ದೇಶದಲ್ಲಿ ಸಾಯುವುದು ಬೇಡವೆಂದು ಇನ್ನೊಬ್ಬ ಮಗ ಮಾತೆತ್ತಿದಾಗ, ಈ ದೇಹವನ್ನು ಎಲ್ಲಿ ಬೇಕಾದರೂ ಇಡಿ, ಅದರ ಚಿಂತೆ ನಿಮಗೆ ಬೇಡ, ಎಲ್ಲಿದ್ದರೂ ಪ್ರಭುವಿನ ಬಲಿಪೀಠದಲ್ಲಿ ನನ್ನನ್ನು ನೆನೆದುಕೊಳ್ಳಿ, ಅಷ್ಟು ಸಾಕು ಎಂದರಂತೆ. ಗ್ರಾನೈಟ್ ಗೋರಿಯ ಅಳತೆಗಾಗಿ ಅಣ್ಣತಮ್ಮಂದಿರು ಮಾತು ಬಿಡುವುದನ್ನು ನಾನು ಕಂಡಿದ್ದೇನೆ, ಆದ್ದರಿಂದ ಈ ಮಾತನ್ನು ಬಿಡಿಸಿ ಬರೆದೆ. (ಓಸ್ತಿಯದಲ್ಲಿ ಅವರ ಸಮಾಧಿಯ ಕಲ್ಲಿನ ತುಂಡೊಂದು 1945ರಲ್ಲಿ ಸಿಕ್ಕಿತು. ಆಟದ ಕಂಬ ನೆಡಲು ಗುಂಡಿ ತೋಡುತ್ತಿದ್ದ ಹುಡುಗರ ಕೈಗೆ!)

ಪ್ರಾಣ ಹೋದ ಕ್ಷಣದಲ್ಲಿ ಏನಾಯಿತು ಗೊತ್ತೇ? ಅಗಸ್ಟೀನರು ತಾಯಿಯ ಕಣ್ಣು ಮುಚ್ಚಿದರು. ಆಗ ಹದಿನೈದರ ಹುಡುಗ ದೇವದತ್ತ ಗೊಳೋ ಎಂದು ಅತ್ತ. ಸುತ್ತಲಿದ್ದವರೆಲ್ಲ ಸೇರಿ ಅವನನ್ನು ಸುಮ್ಮನಿರಿಸಿದರು. ಆಕೆ ಬಾಳಿದ ರೀತಿಗೆ ಅಳು ತಕ್ಕದ್ದಲ್ಲ, ಆಕೆ ಪೂರ್ತಿ ಸತ್ತಿಲ್ಲ ಎಂಬುದು ಅವರ ಎಣಿಕೆ. ಯಾರೋ ಕೀರ್ತನೆ ಎತ್ತಿಕೊಂಡರು. ಅಗಸ್ಟೀನರು ತಾವೂ ಅಳಲಿಲ್ಲ. ಗೋರಿಯ ಬಳಿ ಪೂಜೆ ನಡೆದಾಗಲೂ ಅಳಲಿಲ್ಲ. ಸ್ನಾನ ಮಾಡಿದರೆ ದುಃಖ ಹಗುರಾಗುತ್ತದೆಂದು ಕೇಳಿ ಸ್ನಾನ ಮಾಡಿದರು, ಹಗುರಾಗಲಿಲ್ಲ. ನಿದ್ದೆ ಮಾಡಿ ಎದ್ದ ಮೇಲೆ, ಯಾರೂ ನೋಡದ ಹೊತ್ತಿನಲ್ಲಿ, ದೇವರೊಬ್ಬನ ಮುಂದೆ ಕಣ್ಣೀರು ಬಿಟ್ಟರು. ಹತ್ತು ವರ್ಷ ಕಳೆದ ಮೇಲೂ ಅದನ್ನು ಬರೆಯುವಾಗ, ನನಗಾಗಿ ಅಷ್ಟು ವರ್ಷ ಅತ್ತ ತಾಯಿಗೆ ಒಂದು ಗಳಿಗೆ ಅತ್ತದ್ದು ಪಾಪವೆಂದು ತೋರಿದರೆ ನಗಬೇಡಿ, ನನಗಾಗಿ ಅಳಿ ಎಂದು ಓದುಗರನ್ನು ಕೇಳಿಕೊಳ್ಳುತ್ತಾರೆ. ಮೇಧಾವಿಯಾದ ಆ ಹುಡುಗ ದೇವದತ್ತ ಕೆಲವೇ ವರ್ಷಗಳಲ್ಲಿ ತೀರಿಕೊಂಡ. ಅಂದು ಅವನ ಅಳುವನ್ನು ತಡೆದದ್ದು ತಂದೆಗೆ ಆಮೇಲೆ ಎಷ್ಟು ಸಲ ನೆನಪಾಯಿತೋ!

ಲಾಜರನ ಗೋರಿಯ ಮುಂದೆ ಪ್ರಭು ಯೇಸು ಅತ್ತರು. ಇನ್ನು ಕೆಲವೇ ನಿಮಿಷಗಳಲ್ಲಿ ಅವನನ್ನು ಎಬ್ಬಿಸಲಿದ್ದೇನೆ ಎಂದು ಗೊತ್ತಿದ್ದೂ ಅತ್ತರು. ಪುನರುತ್ಥಾನದಲ್ಲಿ ವಿಶ್ವಾಸ ಇರುವವನು ಅಳಬಾರದು ಎಂದು ಒಬ್ಬ ಹುಡುಗನ ಬಾಯಿ ಮುಚ್ಚಿಸಿದ ನಾನು ಯಾವ ಶುಭಸಂದೇಶವನ್ನು ಓದಿದ್ದೆನೋ ಕಾಣೆ.

ಅಧ್ಯಾಯದ ಕೊನೆಗೆ ಬಂದಾಗ ತಂಗಿಯ ಮಾತಿಗೆ ಉತ್ತರ ಸಿಕ್ಕಿತು. ಅಗಸ್ಟೀನರು ತಾಯಿಯ ಒಳ್ಳೆಯತನವನ್ನೆಲ್ಲ ಹೇಳಿ ಮುಗಿಸಿ, ಅದನ್ನು ಒಂದು ಬದಿಗೆ ಇಡುತ್ತಾರೆ. ದೀಕ್ಷಾಸ್ನಾನವಾದ ಮೇಲೆ ಆಕೆಯ ಬಾಯಿಂದ ಒಂದು ತಪ್ಪು ಮಾತೂ ಬರಲಿಲ್ಲ ಎಂದು ಹೇಳುವ ಧೈರ್ಯ ತಮಗಿಲ್ಲ ಎನ್ನುತ್ತಾರೆ. ಆಕೆ ಇತರರ ಸಾಲವನ್ನು ಮನ್ನಿಸಿದಳು, ನೀನೂ ಆಕೆಯ ಸಾಲವನ್ನು ಮನ್ನಿಸು ಎಂದು ದೇವರನ್ನು ಬೇಡುತ್ತಾರೆ. ಮಗನೇ ತಾಯಿಯ ಪಾಪಕ್ಕೆ ಕ್ಷಮೆ ಬೇಡುವುದು! ನಮ್ಮಲ್ಲಿ ಯಾರಾದರೂ ಹಾಗೆ ಬರೆದರೆ ಹೆತ್ತವಳ ಹೆಸರು ಕೆಡಿಸಿದ ಎನ್ನುತ್ತೇವೆ. ಆದರೆ ನಾವು ಸತ್ತವರಿಗಾಗಿ ಪೂಜೆ ಕೊಡಿಸುವುದಕ್ಕೆ ಅರ್ಥ ಇದೊಂದೇ. ಮಕ್ಕಾಬಿಯರ ಎರಡನೆಯ ಗ್ರಂಥದಲ್ಲಿ ಯೂದನು ಸತ್ತ ತನ್ನ ಸೈನಿಕರ ಪಾಪಪರಿಹಾರಕ್ಕಾಗಿ ಹಣ ಕೂಡಿಸಿ ಜೆರುಸಲೇಮಿಗೆ ಕಳಿಸುತ್ತಾನೆ. ಅವರು ಪರಿಶುದ್ಧರು ಎಂದು ಕಳಿಸಿದ್ದಲ್ಲ, ಅವರ ಅಂಗಿಯೊಳಗೆ ವಿಗ್ರಹಗಳ ತಾಯಿತ ಸಿಕ್ಕಿತ್ತು. ಆದರೂ ಅವರು ಎದ್ದು ಬರುತ್ತಾರೆಂಬ ನಂಬಿಕೆಯಿಂದ ಕಳಿಸಿದ. 1915ರಲ್ಲಿ, ಮೊದಲ ಮಹಾಯುದ್ಧದ ಹೆಣಗಳ ನಡುವೆ, ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಸಕಲ ಮೃತರ ದಿನದಂದು ಪ್ರತಿ ಗುರುವೂ ಮೂರು ಪೂಜೆ ಅರ್ಪಿಸಲು ಅನುಮತಿ ಕೊಟ್ಟದ್ದೂ ಇದೇ ನಂಬಿಕೆಯಿಂದ.

ಅಗಸ್ಟೀನರು ಅಷ್ಟು ದೊಡ್ಡ ಗ್ರಂಥದಲ್ಲಿ ತಾಯಿಯ ಹೆಸರನ್ನು ಹೇಳುವುದು ಒಂದೇ ಸಲ, ಇಲ್ಲಿ. ಓದುವವರೆಲ್ಲ ಬಲಿಪೀಠದಲ್ಲಿ ಮೋನಿಕಳನ್ನೂ ಆಕೆಯ ಗಂಡ ಪತ್ರೀಸಿಯುಸನನ್ನೂ ನೆನೆಯಿರಿ ಎಂದು ಬೇಡುವಾಗ. ಹೊಗಳುವಾಗ ಬಾರದ ಹೆಸರು ಪ್ರಾರ್ಥಿಸುವಾಗ ಬಂತು. ದೇವದತ್ತನ ತಾಯಿಯ ಹೆಸರು ಮಾತ್ರ ಎಲ್ಲಿಯೂ ಇಲ್ಲ. ನಾನು ಆಕೆಯನ್ನೂ ಪೂಜೆಯಲ್ಲಿ ನೆನೆಯುವುದುಂಟು, ಹೆಸರಿಲ್ಲದೆ.

ಮಾರನೆಯ ದಿನ ಪೂಜೆಯಲ್ಲಿ ನಾನು ಹೆಚ್ಚು ಮಾತಾಡಲಿಲ್ಲ. ಅವ್ವ ನಮಗಾಗಿ ಬಾಳಿದಳು, ಕೆಲವು ಬಾಗಿಲುಗಳನ್ನು ಮುಚ್ಚಿದಳು, ಆ ಬಾಗಿಲು ಮುಚ್ಚಿದಾಗ ನಾನೂ ಒಳಗೇ ಇದ್ದೆ, ಅವಳಿಗಾಗಿಯೂ ನನಗಾಗಿಯೂ ಪ್ರಾರ್ಥಿಸಿ ಎಂದೆ. ಹಿಂದಿನ ಬೆಂಚಿನಲ್ಲಿದ್ದ ದೊಡ್ಡಪ್ಪನವರಿಗೆ ಅದು ಹಿಡಿಸಲಿಲ್ಲ, ಅಂದಿನ ಊಟಕ್ಕೆ ಅವರು ನಿಲ್ಲಲಿಲ್ಲ. ತಂಗಿ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಅವಳ ಮುಖ ನನಗೆ ಕಾಣಲಿಲ್ಲ.

ಹುಡುಗನ ಹತ್ತಿರ ಮಾತಾಡಲು ನನಗೆ ಇನ್ನೂ ಆರು ತಿಂಗಳು ಬೇಕಾಯಿತು. ದೊಡ್ಡವರು ಚಿಕ್ಕವರ ಹತ್ತಿರ ತಪ್ಪಾಯಿತು ಎನ್ನುವುದು ನಮ್ಮ ಮನೆಯ ರಕ್ತದಲ್ಲಿಲ್ಲ ಎಂದು ಕಾಣುತ್ತದೆ. ಅವ್ವನಿಂದ ಬಂದ ಆಸ್ತಿಯಲ್ಲಿ ಅದೂ ಸೇರಿದೆ. ದಸರಾ ರಜೆಗೆ ಬಂದವನನ್ನು ಹುಳುವಿನ ಮನೆಗೆ ಕರೆದುಕೊಂಡು ಹೋದೆ. ಈಗ ಅಲ್ಲಿ ಹುಳು ಇಲ್ಲ, ಅಣ್ಣ ಬೆಳೆ ಬಿಟ್ಟು ವರ್ಷಗಳಾದವು, ತಟ್ಟೆಗಳನ್ನು ಅಟ್ಟದ ಮೇಲೆ ಜೋಡಿಸಿಟ್ಟಿದ್ದಾರೆ. “ಅವತ್ತು ನಿನ್ನ ಅಳೋಕೆ ಬಿಡಲಿಲ್ಲ ಕಣೋ, ತಪ್ಪು ಮಾಡಿದೆ” ಎಂದೆ. ಅವನು ತಟ್ಟೆಗಳನ್ನೇ ನೋಡುತ್ತಾ, “ಮಾಮ, ಅಜ್ಜಿ ಒಂದೊಂದು ತಟ್ಟೆಗೂ ಒಂದೊಂದು ಜಪ ಹೇಳ್ತಿದ್ರು, ನಿಮಗೆ ಗೊತ್ತಾ?” ಎಂದು ಕೇಳಿದ. ಗೊತ್ತು ಎಂದೆ. ಆಮೇಲೆ ಇಬ್ಬರೂ ಅತ್ತೆವು.

ಕಳೆದ ನವೆಂಬರಿನಲ್ಲಿ ತಂಗಿ ನನ್ನ ಧರ್ಮಕೇಂದ್ರಕ್ಕೆ ಬಂದಿದ್ದಳು. ಬೆಳಗಿನ ಪೂಜೆಗೆ ಮುಂಚೆ ಬಾಗಿಲಲ್ಲಿ ಪೆಟ್ಟಿಗೆಯ ಪಕ್ಕ ನಿಂತು ಚೀಟಿಯಲ್ಲಿ ಅವ್ವನ ಹೆಸರು ಬರೆದಳು. ಬರೆದು ಪೆನ್ನು ಕೆಳಗಿಡದೆ ಹಾಗೇ ನಿಂತಳು.

“ಅಣ್ಣಾ, ನಮ್ಮತ್ತೆ ಹೆಸರೂ ಬರೀಬಹುದಾ? ಬಾಣಂತನ ಮಾಡಿದವರು. ಅವರು ಹೋಗಿ ಎರಡು ವರ್ಷ ಆಯ್ತು.”

“ಬರಿ” ಎಂದೆ.

ಅವ್ವನ ಹೆಸರಿನ ಕೆಳಗೇ ಬರೆದು, ಚೀಟಿ ಮಡಚಿ, ಪೆಟ್ಟಿಗೆಗೆ ಹಾಕಿದಳು. ನಾನು ಪೂಜೆಗೆ ಸಿದ್ಧನಾಗಲು ಒಳಗೆ ಹೋದೆ.